ನರ್ಸಮ್ಮ ಆರಿಸಿದ ಧೂಳಿನ ಮಿಷನ್ನು

ಯಾವ ಕೋಣೆಗೆ ಹೊಕ್ಕರೂ ಅವರು ಮೊದಲು ಮಾಡುತ್ತಿದ್ದುದು ಒಂದೇ ಕೆಲಸ. ಬಲಗೈಯ ತೋರುಬೆರಳನ್ನು ಹತ್ತಿರದ ಕಿಟಕಿಯ ದಂಡೆಯ ಮೇಲೋ ಮೇಜಿನ ಅಂಚಿನ ಮೇಲೋ ಮೆಲ್ಲಗೆ ಎಳೆದು, ತುದಿಯನ್ನು ಬೆಳಕಿಗೆ ಹಿಡಿದು ನೋಡುವುದು. ನೋಡಿದ ಮೇಲೆ ಬೈಯುತ್ತಿರಲಿಲ್ಲ. ಆ ಕೋಣೆಯ ಹೊಣೆ ಯಾರದೋ ಅವರ ಮೂಗಿನ ಮುಂದೆ ಬೆರಳನ್ನು ಒಂದು ಗಳಿಗೆ ಹಿಡಿದು, ಆಮೇಲೆ ಬೇರೆ ಏನೋ ಮಾತು ತೆಗೆಯುತ್ತಿದ್ದರು. ಕೆಲಸದಿಂದ ನಿವೃತ್ತರಾಗಿ ತೀರ್ಥಹಳ್ಳಿಯಲ್ಲಿ ತಂಗಿಯ ಮನೆ ಸೇರಿದ ಮೇಲೂ ಈ ಚಾಳಿ ಬಿಟ್ಟಿರಲಿಲ್ಲ. ಒಮ್ಮೆ ಅಲ್ಲಿಯ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ನನ್ನ ಜೊತೆ ಕಾಫಿಗೆ ಕೂತವರು, ಮೇಜಿನ ಮೇಲೆ ಬೆರಳೆಳೆದು ಮಾಣಿಗೆ ತೋರಿಸಿದರು. ಅವನು "ಒಂದೇ ಸಾಕಾ ಅಮ್ಮ?" ಎಂದು ಕೇಳಿ ಒಂದು ಇಡ್ಲಿ ತಂದಿಟ್ಟ. ನರ್ಸಮ್ಮ ಆ ಇಡ್ಲಿಯನ್ನು ಗಂಭೀರವಾಗಿ ತಿಂದು ಮುಗಿಸಿದರು.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ಸಾಗರದಲ್ಲಿ ಅವರ ಕೈಯಲ್ಲಿ ಹುಟ್ಟಿದ ಮಕ್ಕಳು ಈಗ ತಾವೇ ತಂದೆ ತಾಯಿಗಳಾಗಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಅವರ ಹೆಸರು ಗೊತ್ತಿರಲಾರದು. ಊರಿಗೆಲ್ಲ ಅವರು ನರ್ಸಮ್ಮ. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ.

ಬರೆಯುವ ಮುಂಚೆ ಒಂದು ಅಳುಕು. ನಾನು ಓದಿದ್ದು ಇತಿಹಾಸ. ಕಣ್ಣಾರೆ ಕಂಡೆ ಎನ್ನುವ ಸಾಕ್ಷಿಯನ್ನೇ ಮೊದಲು ಅನುಮಾನದಿಂದ ನೋಡಿ ಎಂದು ಮೈಸೂರಿನಲ್ಲಿ ನಮ್ಮ ಪ್ರೊಫೆಸರು ಹೇಳುತ್ತಿದ್ದರು. ಆಗಿನಿಂದ ದಿನಚರಿ ಬರೆಯುವ ಅಭ್ಯಾಸವೂ ಇದೆ. ಆದರೆ ಆ ವರ್ಷದ ಪುಟಗಳಲ್ಲಿ ಬಸ್ಸು ತಪ್ಪಿದ್ದು, ತಿದ್ದಬೇಕಾದ ಉತ್ತರಪತ್ರಿಕೆಗಳು, ಸೆಕೆ, ಇಂಥವೇ ಇವೆ. ಹೆದರಿದ ಮನುಷ್ಯ ತನ್ನ ಹೆದರಿಕೆಯನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆಯುತ್ತಾನೆಂದು ಕಾಣುತ್ತದೆ. ಹಾಗಾಗಿ ಇಲ್ಲಿರುವುದು ಬರಿಯ ನೆನಪು. ಕೆಲವು ಕಡೆ ನನ್ನದಲ್ಲ, ನನ್ನ ಹೆಂಡತಿ ಲಲಿತೆಯದು. ಎಲ್ಲಿ ಯಾರದು ಎಂದು ಗೊತ್ತಿರುವಷ್ಟು ಮಟ್ಟಿಗೆ ಹೇಳುತ್ತ ಹೋಗುತ್ತೇನೆ.

ಅರವತ್ತರ ದಶಕದ ನಡುವಿನ ಮಾತು. ನಾನು ಹೊಸನಗರದ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಲಲಿತೆಗೆ ಹಿಂದಿನ ಎರಡು ಬಸಿರೂ ನಿಂತಿರಲಿಲ್ಲ. ಮೂರನೆಯ ಸಲವೂ ನಡುವೆಯೇ ತೊಂದರೆ ಕಾಣಿಸಿಕೊಂಡಾಗ ಅವಳನ್ನು ಸಾಗರಕ್ಕೆ ಕರೆತಂದೆ. ಊರಿನವರೇ ಸಮಿತಿ ಮಾಡಿಕೊಂಡು ನಡೆಸುತ್ತಿದ್ದ ಸಣ್ಣ ಹೆರಿಗೆ ಆಸ್ಪತ್ರೆ ಅಲ್ಲಿತ್ತು. ಶಿವಮೊಗ್ಗದಿಂದ ಬಂದುಹೋಗುತ್ತಿದ್ದ ಲೇಡಿ ಡಾಕ್ಟರು ಪರೀಕ್ಷೆ ಮಾಡಿ, ಹೆರಿಗೆಯಾಗುವವರೆಗೆ ಹಾಸಿಗೆ ಬಿಟ್ಟು ಏಳಕೂಡದು, ಇನ್ನೊಂದು ಸಲ ಬಸ್ಸು ಕಾರಿನ ಮಾತೇ ಎತ್ತಕೂಡದು ಎಂದರು. ಅಷ್ಟೇ ಆಗಿದ್ದರೆ ಹೇಗೋ ದಿನ ಕಳೆಯುತ್ತಿದ್ದವು. ಲಲಿತೆಗೆ ಚಿಕ್ಕಂದಿನಿಂದ ಉಬ್ಬಸ. ಧೂಳು ತಾಗಿದರೆ ಸಾಕು, ಎದೆ ಸೀಟಿ ಊದತೊಡಗುತ್ತಿತ್ತು. ಕೆಮ್ಮು ಹತ್ತಿದರೆ ಇಡೀ ಮೈ ಕುಲುಕುತ್ತಿತ್ತು. ಈ ಬಸಿರಿಗೆ ಆ ಕೆಮ್ಮೇ ಶತ್ರು ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಅದೇ ಬೇಸಿಗೆಯಲ್ಲಿ ಆಸ್ಪತ್ರೆಯ ರಿಪೇರಿ ಕೆಲಸ ಬಂತು.

ಆಸ್ಪತ್ರೆ ಇದ್ದುದು ಯಾರೋ ದಾನವಾಗಿ ಕೊಟ್ಟ ಹಳೆಯ ಮನೆಯಲ್ಲಿ. ಅದರ ಒಂದು ಪಾರ್ಶ್ವದ ಗೋಡೆ ಹೊಟ್ಟೆ ಬಿಟ್ಟುಕೊಂಡು ಹೊರಕ್ಕೆ ವಾಲಿತ್ತು. ಜೂನ್ ಒಳಗೆ ಅದನ್ನು ಕೆಡವಿ ಕಟ್ಟಿ ಮೇಲೆ ಹೆಂಚು ಹೊದಿಸದಿದ್ದರೆ ಮಳೆಗೆ ಆ ಅರ್ಧ ಭಾಗ ಕೂರುವುದು ಖಂಡಿತವೆಂದು ಮೇಸ್ತ್ರಿ ಹೇಳಿಬಿಟ್ಟಿದ್ದ. ಹೇಗೂ ಕೆಲಸ ಹಿಡಿದಿದ್ದೇವಲ್ಲ ಎಂದು ಹಳೆಯ ಸುಣ್ಣದ ಗಾರೆಯನ್ನೆಲ್ಲ ಕೆತ್ತಿ ತೆಗೆದು ಹೊಸ ಪ್ಲಾಸ್ಟರು ಮಾಡಿಸುವುದು, ನೆಲಕ್ಕೆ ಮೊಸಾಯಿಕ್ ಹಾಕಿ ಉಜ್ಜಿಸುವುದು ಎಂದೂ ಸಮಿತಿ ತೀರ್ಮಾನಿಸಿತು. ಕೆಲಸ ಮುಗಿಯುವವರೆಗೆ ವಾರ್ಡು ಮುಚ್ಚುವುದು, ಒಳಗಿರುವವರನ್ನು ಶಿವಮೊಗ್ಗಕ್ಕೆ ಸಾಗಿಸುವುದು ಎಂಬುದು ಅದರ ಜೊತೆಯ ತೀರ್ಮಾನ.

ಆ ಸಭೆಗೆ ನರ್ಸಮ್ಮನನ್ನು ಯಾರೂ ಕರೆದಿರಲಿಲ್ಲ. ಅವರೇ ಬಂದರಂತೆ. ಬಂದವರು ಮೊದಲು ಅಧ್ಯಕ್ಷರ ಕುರ್ಚಿಯ ಕೈ ಮೇಲೆ ಬೆರಳೆಳೆದು ನೋಡಿದರೆಂದು ಒಬ್ಬ ಸದಸ್ಯರು ನನಗೆ ಹೇಳಿದರು. ಇದು ನಿಜವೋ, ನರ್ಸಮ್ಮನ ಕಥೆ ಎಂದ ಮೇಲೆ ಇರಲಿ ಎಂದು ಅವರು ಸೇರಿಸಿದ್ದೋ ತಿಳಿಯದು. ಮಾತು ಮಾತ್ರ ಹೀಗೆ ನಡೆಯಿತಂತೆ.

"ಗೋಡೆ ಕಾಯಲ್ಲ ಅಂತೀರಿ, ಒಪ್ದೆ. ನನ್ನ ಮೂಲೆ ಹಾಸಿಗೆಯ ಮೇಷ್ಟ್ರ ಹೆಂಡ್ತಿನೂ ಕಾಯಲ್ಲ. ಅವಳನ್ನ ಬಸ್ಸಿಗೆ ಹತ್ಸಿದ್ರೆ ಶಿವಮೊಗ್ಗ ಮುಟ್ಟೋದ್ರೊಳಗೆ ಎಂತ ಆಗ್ತದೆ ಅಂತ ನಾನು ಹೇಳ್ಬೇಕಾ? ಧೂಳು ಎಳ್ಕಳೋ ಮಿಷನ್ ಒಂದು ತರ್ಸಿ. ಆ ಕಡೆ ಕೆಲಸನೂ ಆಗ್ತದೆ, ಈ ಕಡೆ ವಾರ್ಡೂ ನಡೀತದೆ."

ಅಧ್ಯಕ್ಷರು ಬಟ್ಟೆ ಅಂಗಡಿಯವರು, ಒಳ್ಳೆಯವರು. "ಗಾರೆ ಕೆಲಸಕ್ಕೆ ಪೊರಕೆ ಇಲ್ವೇ ನರ್ಸಮ್ಮ?" ಎಂದರು.

"ಪೊರಕೆ ಧೂಳನ್ನ ತೆಗಿಯಲ್ಲ ಅಧ್ಯಕ್ಷರೇ, ಎಬ್ಬಿಸ್ತದೆ. ನೆಲದಲ್ಲಿ ಮಲಗಿದ್ದನ್ನ ಎಬ್ಸಿ ಅವಳ ಮೂಗಿಗೆ ಕಳಿಸ್ತದೆ."

ಮದರಾಸಿನಲ್ಲಿ ತರಬೇತಿಯಲ್ಲಿದ್ದಾಗ ಅವರು ಅಂಥ ಯಂತ್ರವನ್ನು ಕಂಡಿದ್ದರು. ಸಾಗರದಲ್ಲಿ ಆಗ ವ್ಯಾಕ್ಯೂಮ್ ಕ್ಲೀನರ್ ಎಂಬ ಹೆಸರನ್ನು ಕೇಳಿದವರೇ ಕಡಿಮೆ. ಸಮಿತಿ ಒಂದು ಷರತ್ತಿನ ಮೇಲೆ ಒಪ್ಪಿತು. ಲೇಡಿ ಡಾಕ್ಟರು ಪ್ರತಿ ಸಲ ಬಂದಾಗ ಲಲಿತೆಯ ಎದೆ ಪರೀಕ್ಷೆ ಮಾಡಬೇಕು; ಉಬ್ಬಸ ಹೆಚ್ಚಿತು ಎಂದರೆ ಮರುಮಾತಿಲ್ಲದೆ ವಾರ್ಡು ಮುಚ್ಚಬೇಕು.

ಯಂತ್ರ ಆರಿಸುವ ಕೆಲಸಕ್ಕೆ ನಾನು ಸೇರಿಕೊಂಡದ್ದು ಹೀಗೆ. ಬೇಸಿಗೆ ರಜೆ ಶುರುವಾಗಿತ್ತು. ನಾನು ದಿನವಿಡೀ ವಾರ್ಡಿನ ಹೊರಗಿನ ಜಗಲಿಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದೆ. ಒಂದು ಬೆಳಿಗ್ಗೆ ನರ್ಸಮ್ಮ ಬೆಂಗಳೂರಿನ ಅಂಗಡಿಯಿಂದ ತರಿಸಿದ ಕ್ಯಾಟಲಾಗುಗಳನ್ನು ನನ್ನ ಕೈಗೆ ಹಾಕಿದರು.

"ಮೇಷ್ಟ್ರೇ, ಇಂಗ್ಲಿಷ್ ಓದಿ ಹೇಳಿ. ಇದರ ಹೊಟ್ಟೆ ಎಷ್ಟು, ಗಂಟಲು ಎಷ್ಟಗಲ, ನೀರು ಕುಡಿತದಾ ಇಲ್ವಾ, ಎಲ್ಲ ಬೇಕು."

ಓದಿ ಹೇಳಿದೆ. ಅವರು ಕೇಳುತ್ತಿದ್ದ ಪ್ರಶ್ನೆಗಳಿಗೆ ಕ್ಯಾಟಲಾಗಿನಲ್ಲಿ ಉತ್ತರವೇ ಇರುತ್ತಿರಲಿಲ್ಲ. ಅಲ್ಲಿದ್ದುದು ಸೋಫಾದ ಮೇಲೆ ಯಂತ್ರ ಆಡಿಸುವ ಹೆಂಗಸಿನ ಚಿತ್ರ, ಬಣ್ಣ, ಸದ್ದು ಕಡಿಮೆ ಎಂಬ ಹೊಗಳಿಕೆ. "ಸದ್ದಿನ ಮಾತು ಯಾರಿಗೆ ಬೇಕು! ಗಾರೆ ಚಕ್ಕೆ ನುಂಗಿದ್ರೆ ಎಲ್ಲಿ ಸಿಕ್ಕಾಕಿಕೊಳ್ತದೆ ಅಂತ ಬರ್ದಿದಾರಾ ನೋಡಿ" ಎನ್ನುತ್ತಿದ್ದರು. ಬರೆದಿರಲಿಲ್ಲ.

ಅಂಗಡಿಯವರು ಒಬ್ಬ ಸೇಲ್ಸ್‌ಮನ್‌ನನ್ನು ಯಂತ್ರದ ಜೊತೆಗೇ ಕಳಿಸಿದರು. ಪ್ರದರ್ಶನ ನಡೆದದ್ದು ಅಧ್ಯಕ್ಷರ ಮನೆಯ ಪಡಸಾಲೆಯಲ್ಲಿ. ಇದನ್ನು ನಾನು ನೋಡಿದ್ದು ನಿಜ. ಉದ್ದನೆಯ ಉರುಳೆಯಂಥ, ಕನ್ನಡಿಯ ಹಾಗೆ ಹೊಳೆಯುವ ಯಂತ್ರ. ಸೇಲ್ಸ್‌ಮನ್ ಜಮಖಾನದ ಮೇಲೆ ಅಕ್ಕಿಹಿಟ್ಟು ಚೆಲ್ಲಿ ಗುಂಡಿ ಒತ್ತಿದ. ಹಿಟ್ಟು ಮಾಯವಾಯಿತು. ಅವಲಕ್ಕಿ ಚೆಲ್ಲಿದ, ಅದೂ ಮಾಯ. ಸಮಿತಿಯವರು ಮಕ್ಕಳ ಹಾಗೆ ನಗುತ್ತಿದ್ದರು. ಅಧ್ಯಕ್ಷರ ತಾಯಿ ಒಳಗಿಂದ ಬಂದು, "ಆ ಅವಲಕ್ಕಿ ವಾಪಸ್ ಕೊಡ್ತದಾ?" ಎಂದು ಕೇಳಿದರು.

ನರ್ಸಮ್ಮ ಸೆರಗಿನ ಗಂಟಿನಿಂದ ಒಂದು ಪೊಟ್ಟಣ ತೆಗೆದರು. ಆಸ್ಪತ್ರೆಯ ಗೋಡೆಯಿಂದ ಕೆತ್ತಿದ ಗಾರೆಯ ಪುಡಿ.

"ಇದನ್ನ ತಿನ್ಸಿ ನೋಡುವಾ."

ಯಂತ್ರ ಅದನ್ನೂ ಸಲೀಸಾಗಿ ಎಳೆದುಕೊಂಡಿತು. ಎಲ್ಲರೂ ಜಮಖಾನ ನೋಡುತ್ತಿದ್ದರು. ನರ್ಸಮ್ಮ ಮಾತ್ರ ಯಂತ್ರದ ಹಿಂಭಾಗಕ್ಕೆ ಹೋಗಿ, ತಮ್ಮ ಕಪ್ಪು ಕೊಡೆಯನ್ನು ಬಿಡಿಸಿ, ಗಾಳಿ ಹೊರಬರುವ ತೂತಿನ ಎದುರು ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದರು. ಮನೆಯೊಳಗೆ ಕೊಡೆ ಬಿಡಿಸಿದ್ದಕ್ಕೆ ಅಧ್ಯಕ್ಷರ ತಾಯಿ ಮುಖ ಸಿಂಡರಿಸಿದರು. ಯಂತ್ರ ನಿಂತ ಮೇಲೆ ನರ್ಸಮ್ಮ ಎದ್ದು ಕೊಡೆಯನ್ನು ಬಾಗಿಲ ಬೆಳಕಿಗೆ ತಿರುಗಿಸಿದರು. ಕಪ್ಪು ಬಟ್ಟೆಯ ಮೇಲೆ ಬೂದಿ ಬಳಿದಂತೆ ತೆಳ್ಳಗೆ ಬಿಳಿಯ ಪದರ.

"ನೋಡಿ ಮಾರಾಯ್ರೆ. ಮುಂದೆ ತಿಂದದ್ದನ್ನ ಹಿಂದೆ ಉಗೀತದೆ. ದಪ್ಪಂದು ಹೊಟ್ಟೇಲಿ ಉಳೀತು, ನುಣ್ಣಂದು ಹೊರಗೆ ಬಂತು. ನನ್ನ ಹುಡುಗಿಗೆ ಆಗದೇ ಇರೋದೇ ಆ ನುಣ್ಣಂದು."

"ಮೇಡಂ, ಇದು ಮನೆಗೆ ಅಂತ ಮಾಡಿದ್ದು, ಒಳಗಿನ ಚೀಲ ತೆಳು..." ಎಂದ ಸೇಲ್ಸ್‌ಮನ್.

"ಅದಕ್ಕೇ ಮಗಾ, ಮನೆಗೇ ಇರ್ಲಿ. ನೀನು ಚೆನ್ನಾಗಿ ತೋರ್ಸಿದೆ. ಕಾಫಿ ಕುಡ್ಕೊಂಡು ಹೋಗು."

ಆ ಯಂತ್ರ ಕೊನೆಗೆ ಅಧ್ಯಕ್ಷರ ಮನೆಯಲ್ಲೇ ಉಳಿಯಿತು. ಬಹಳ ವರ್ಷ ಅದು ಅವರ ಪಡಸಾಲೆಯ ಮೂಲೆಯಲ್ಲಿ ಕಸೂತಿಯ ಬಟ್ಟೆ ಹೊದ್ದು ಕೂತಿತ್ತು.

ಎರಡನೆಯದನ್ನು ನರ್ಸಮ್ಮನೇ ಪತ್ತೆ ಮಾಡಿದರು. ಹತ್ತಿರದಲ್ಲೇ ಕಟ್ಟುತ್ತಿದ್ದ ದೊಡ್ಡ ಅಣೆಕಟ್ಟಿನ ಕೆಲಸ ಮುಗಿಯುತ್ತ ಬಂದಿದ್ದ ಕಾಲ. ಅಲ್ಲಿ ಬೇಡವಾದ ಸಾಮಾನುಗಳು ಹರಾಜಾಗಿ ಸಾಗರದ ಗುಜರಿ ಅಂಗಡಿಗಳಿಗೆ ಬರುತ್ತಿದ್ದವು. ಒಬ್ಬ ಬಾಣಂತಿಯ ಗಂಡ ಗುಜರಿಯವನು. ಅವನ ಶೆಡ್ಡಿಗೆ ನನ್ನನ್ನೂ ಎಳೆದುಕೊಂಡು ಹೋದರು. ಹಗ್ಗ, ಸಲಾಕೆ, ಒಡೆದ ಲಾಟೀನುಗಳ ನಡುವೆ ಒಂದು ಕಬ್ಬಿಣದ ಡ್ರಮ್ಮು ನಿಂತಿತ್ತು. ತಲೆಯ ಮೇಲೆ ಮೋಟರು, ಕೆಳಗೆ ಮೂರು ಗಾಲಿ, ಮುಂದೆ ನನ್ನ ಮುಂಗೈಯಷ್ಟು ದಪ್ಪದ ರಬ್ಬರ್ ಪೈಪು. ಬಣ್ಣ ಯಾವುದಿತ್ತೆಂದು ಈಗ ಹೇಳಲಾರೆ. ಬಣ್ಣ ಹೋದ ಮೇಲೆ ನಾನು ನೋಡಿದ್ದು.

"ಇದು ಸಿಮೆಂಟ್ ಗೋಡೌನಲ್ಲಿ ಇದ್ದಿದ್ದು ಅಮ್ಮ. ಧೂಳು, ಜಲ್ಲಿಚೂರು, ನೀರು, ಎಂತ ಕೊಟ್ರೂ ನುಂಗ್ತದೆ. ಆದ್ರೆ ಕೂಗು ಜಾಸ್ತಿ" ಎಂದ ಗುಜರಿಯವನು.

"ನಿನ್ನ ಮಗಳಿಗಿಂತ ಜಾಸ್ತಿಯಾ?"

"ಅಷ್ಟಿಲ್ಲಮ್ಮ."

ಅವರು ಮುಚ್ಚಳ ತೆಗೆಸಿ ಒಳಗೆ ಕತ್ತು ಹಾಕಿದರು. ತಲೆದಿಂಬಿನಷ್ಟು ದೊಡ್ಡ ದಪ್ಪ ಬಟ್ಟೆಯ ಚೀಲ; ಧೂಳಿನ ಗಾಳಿ ಅದನ್ನು ದಾಟಿಯೇ ಹೊರಹೋಗಬೇಕು. ಧೂಳು ಮೋಟರಿನೊಳಗೆ ಹೊಗುವುದಿಲ್ಲ, ಚೀಲ ಕಟ್ಟಿಕೊಂಡರೆ ಕೊಡವಬಹುದು, ಹರಿದರೆ ಹೊಲಿಯಬಹುದು. ಮೊಸಾಯಿಕ್ ಉಜ್ಜುವಾಗ ಬರುವ ಕೆಸರು ನೀರನ್ನೂ ಚೀಲ ತೆಗೆದಿಟ್ಟು ಎಳೆಯಬಹುದು. ಮತ್ತೆ ಪೊಟ್ಟಣ, ಮತ್ತೆ ಕೊಡೆ. ಈ ಸಲ ಕೊಡೆಯ ಮೇಲೆ ಬೆರಳೆಳೆದರೆ ಸ್ವಲ್ಪವೇ ಗುರುತು. ನರ್ಸಮ್ಮನಿಗೆ ಅದೂ ಸಾಲಲಿಲ್ಲ. "ಎರಡನೇ ಚೀಲ ನಾನು ಹೊಲಿತೀನಿ. ಆಮೇಲೆ ಈ ಮಹಾರಾಯ ವಾರ್ಡಿನ ಕಡೆ ಬರೋದು ಬ್ಯಾಡ. ಹೊರಗೆ ಅಂಗಳದಲ್ಲಿ ನಿಂತ್ಕಂಡು ಪೈಪು ಮಾತ್ರ ಕಿಟಕಿಯಿಂದ ಒಳಗೆ ಬಿಡ್ಲಿ" ಎಂದರು.

ಅಧ್ಯಕ್ಷರಿಗೆ ಡ್ರಮ್ಮು ಹಿಡಿಸಲಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ಗುಜರಿ ಸಾಮಾನು ನಿಲ್ಲಿಸಿದರೆ ನೋಡಿದವರು ಏನಂದಾರು ಎಂದರು. "ಚೆಂದ ನೋಡಕ್ಕೆ ಬಾಣಂತೀರು ಇದಾರಲ್ಲ" ಎಂದರು ನರ್ಸಮ್ಮ. ಡ್ರಮ್ಮು ಗಾಡಿಯ ಮೇಲೆ ಬಂತು.

ಇಲ್ಲಿ ಸ್ವಲ್ಪ ನಿಲ್ಲಿಸಿ ವಾರ್ಡಿನ ಒಂದು ಕಾನೂನನ್ನು ಹೇಳಬೇಕು. ನರ್ಸಮ್ಮನ ವಾರ್ಡಿನಲ್ಲಿ ಯಾರೂ 'ಪಾಪ' ಎನ್ನುವಂತಿರಲಿಲ್ಲ. ಆ ಮಾತು ಕಿವಿಗೆ ಬಿದ್ದರೆ ಮಲಗಿದವಳ ಧೈರ್ಯ ಇಳಿಯುತ್ತದೆ ಎಂಬುದು ಅವರ ನಂಬಿಕೆ. ತೀರ್ಥಹಳ್ಳಿಯಿಂದ ಬಂದು ಮಗಳ ಪಕ್ಕ ಕೂತಿರುತ್ತಿದ್ದ ನನ್ನ ಅತ್ತೆಗೆ ಆ ಮಾತಿಲ್ಲದೆ ಉಸಿರೇ ಆಡುತ್ತಿರಲಿಲ್ಲ.

"ಪಾಪ, ನನ್ನ ಮಗಳು ರಾತ್ರಿಯೆಲ್ಲ..." ಎಂದು ಅತ್ತೆ ಶುರು ಮಾಡಿದರೆ ನರ್ಸಮ್ಮ ಹತ್ತಿಯ ಕಟ್ಟು ತಂದು ಅವರ ಮಡಿಲಿಗೆ ಹಾಕುತ್ತಿದ್ದರು. "ಒಂದು 'ಪಾಪ'ಕ್ಕೆ ಒಂದು ತಟ್ಟೆ ಉಂಡೆ ಮಾಡ್ಬೇಕು. ಮಾಡಿ ಅಮ್ಮ."

"ನೀವು ಒಳ್ಳೆ ಪೊಲೀಸ್ನೋರು ಆಗ್ಬೇಕಿತ್ತು ಕಣ್ರೀ."

"ನೀವು ಇದ್ದಿದ್ರೆ ಜೈಲೇ ಸಾಲ್ತಿರ್ಲಿಲ್ಲ."

ಅತ್ತೆ ಊರಿಗೆ ಹೋದ ದಿನಗಳಲ್ಲಿ ವಾರ್ಡಿನಲ್ಲಿ ಹತ್ತಿಯ ಉಂಡೆಗೆ ಕೊರತೆಯಾಗುತ್ತಿತ್ತೆಂದು ಲಲಿತೆ ಈಗಲೂ ನಗುತ್ತಾಳೆ.

ಮಿಷನ್ನು ಬಂದ ಮೇಲೆ ಅದಕ್ಕೆ ಪೂಜೆಯಾಯಿತು. ಹೊಸ ಸಲಕರಣೆಗೆ ಪೂಜೆ ಮಾಡದೆ ಕೈಹಚ್ಚುವುದು ಮೇಸ್ತ್ರಿಗೂ ಅವನ ಜನಕ್ಕೂ ಒಪ್ಪಿಗೆಯಿರಲಿಲ್ಲ. ಅದೂ ಈ ಡ್ರಮ್ಮಿಗೆ ಗುಡಾಣದಂಥ ಹೊಟ್ಟೆ, ಮುಂದೆ ಉದ್ದನೆಯ ಸೊಂಡಿಲು. ಕಸ ಹೊಡೆಯುವ ಚೌಡಮ್ಮ ನೋಡಿದವಳೇ, "ಅಯ್ಯ, ಗಣಪ್ಪನೇ ಬಂದಂಗಿದಾನಲ್ರೀ!" ಎಂದಳು. ಅಷ್ಟೇ ಸಾಕಾಯಿತು. ಅರಿಸಿನ ಕುಂಕುಮ, ಮೋಟರಿಗೆ ಗರಿಕೆ, ಕಾಯಿ. ಕುಂಕುಮ ಇಟ್ಟದ್ದು ನರ್ಸಮ್ಮನೇ. ಕೆಲಸದವರ ಮನಸ್ಸು ಕೂಡಿದರೆ ಕೆಲಸ ಸಸಾರ ಎಂದು ಅವರ ಲೆಕ್ಕ. ಕೆಲಸ ನಡೆಯುವ ಭಾಗಕ್ಕೂ ವಾರ್ಡಿಗೂ ನಡುವಿನ ಬಾಗಿಲಿಗೆ ಒದ್ದೆ ಕಂಬಳಿ ಇಳಿಬಿಟ್ಟರು. ಗಾರೆ ಕೆತ್ತುವುದು ಶುರುವಾಯಿತು. ಮಿಷನ್ನು ಅಂಗಳದಲ್ಲಿ ಕೂಗುತ್ತಿತ್ತು. ರಜೆಯ ನಡುವೆಯೂ ಶಾಲೆಯ ಕೆಲಸದ ಮೇಲೆ ನಾನು ಹೊಸನಗರಕ್ಕೆ ಹೋಗಬೇಕಾಯಿತು, ನೆಮ್ಮದಿಯಿಂದಲೇ ಹೋದೆ.

ವಾರ ಕಳೆದು ಬಂದರೆ ಲಲಿತೆ ದಿಂಬುಗಳಿಗೆ ಒರಗಿ ಕೂತೇ ಇದ್ದಳು. ಮಲಗಿದರೆ ಉಸಿರು ಬರುತ್ತಿರಲಿಲ್ಲ. ಬಾಗಿಲಲ್ಲೇ ನನಗೆ ಅವಳ ಎದೆಯ ಸೀಟಿ ಕೇಳಿಸಿತು. ಲೇಡಿ ಡಾಕ್ಟರು ಬಂದು ಪರೀಕ್ಷಿಸಿ, ಮುಂದಿನ ಸಲ ಬರುವಷ್ಟರಲ್ಲಿ ಹೀಗೇ ಇದ್ದರೆ ಅಪಾಯವಾದರೂ ಸರಿ, ಕಾರಿನಲ್ಲಿ ಮಲಗಿಸಿ ಸಾಗಿಸಲೇಬೇಕು ಎಂದರು. ನಮ್ಮ ಅತ್ತೆ ಕೂಡ 'ಪಾಪ' ಎನ್ನಲಿಲ್ಲ.

ನರ್ಸಮ್ಮನನ್ನು ನಾನು ಸೋತ ಮುಖದಲ್ಲಿ ಕಂಡದ್ದು ಆ ದಿನ ಮಾತ್ರ. "ಕೊಡೆ ಸುಳ್ಳು ಹೇಳಲ್ಲ ಮೇಷ್ಟ್ರೇ. ಮತ್ತೆ ಈ ಧೂಳು ಎಲ್ಲಿಂದ ಬರ್ತಿದೆ?" ಎಂದು ನನ್ನನ್ನೇ ಕೇಳಿದರು. ನನಗೆ ಆಗ ಯಂತ್ರದ ಮೇಲೆ, ಸಮಿತಿಯ ಮೇಲೆ, ಸತ್ಯವಾಗಿ ಹೇಳುವುದಾದರೆ ಅವರ ಮೇಲೂ ಸಿಟ್ಟು ಬಂದಿತ್ತು.

ಮುಂದಿನದನ್ನು ನಾನು ಬಹಳ ಸ್ಪಷ್ಟವಾಗಿ ಕಾಣಬಲ್ಲೆ. ಅಂಗಳದ ಬಿಸಿಲು, ಡ್ರಮ್ಮಿನ ಮುಚ್ಚಳ ತೆಗೆಯುವಾಗಿನ ಕಿರುಗುಡುವ ಸದ್ದು, ಚೌಡಮ್ಮ ಬಾಯಿಗೆ ಸೆರಗು ಒತ್ತಿಕೊಂಡದ್ದು. ಆದರೆ ಲಲಿತೆಯ ಪ್ರಕಾರ ಆ ದಿನ ನಾನು ಸಾಗರದಲ್ಲಿ ಇರಲೇ ಇಲ್ಲ. ಹೊಸನಗರಕ್ಕೆ ವಾಪಸಾಗಿದ್ದೆ, ಅವಳು ಹಾಸಿಗೆಯ ಪಕ್ಕದ ಕಿಟಕಿಯಿಂದ ಕಂಡು ಕೇಳಿದ್ದನ್ನು ನನಗೆ ಹೇಳಿದ್ದು. ಇರಬಹುದು. ಹಾಗಿದ್ದರೆ ಆ ಬಿಸಿಲು ಅವಳದು.

ನರ್ಸಮ್ಮ ಚೀಲ ಹರಿದಿದೆಯೇ ನೋಡೋಣವೆಂದು ಮಿಷನ್ನಿನ ಮುಚ್ಚಳ ತೆಗೆಸಿದರು. ಚೀಲ ಗಟ್ಟಿಯಾಗಿತ್ತು. ಡ್ರಮ್ಮಿನ ತಳದಲ್ಲಿ ಮಾತ್ರ ಹಿಡಿಯಷ್ಟು ಪುಡಿ. ಇಡೀ ಒಂದು ಗೋಡೆಯ ಗಾರೆ ಕೆತ್ತಿದ್ದಾಗಿತ್ತು.

"ಚೌಡಮ್ಮ, ಕೆತ್ತಿದ ಧೂಳೆಲ್ಲ ಎಲ್ಲಿ ಹೋಯ್ತೇ?"

"ಗುಡ್ಸಿ ಬುಟ್ಟಿಗೆ ತುಂಬಿ ಹೊರಗೆ ಹಾಕ್ತೀನಲ್ರಮ್ಮ, ದಿನಾ."

"ಗುಡ್ಸಿ? ಪೊರಕೇಲಿ?"

"ಹೌದ್ರಮ್ಮ. ಫಸ್ಟಿಗೆ ಚೆನ್ನಾಗಿ ಗುಡ್ಸಿ ನೆಲ ಚೊಕ್ಕ ಮಾಡಿ, ಆಮೇಲೆ ಸೊಂಡ್ಲು ಆಡಿಸ್ತೀವಿ."

"ಮತ್ತೆ ಇದನ್ನ ತಂದಿದ್ದು ಎಂತಕ್ಕೇ?"

ಚೌಡಮ್ಮ ಮೇಸ್ತ್ರಿಯ ಮುಖ ನೋಡಿದಳು. ಮೇಸ್ತ್ರಿ ನೆಲ ನೋಡಿದ. ಕೊನೆಗೆ ಅವನೇ ಹೇಳಿದ: "ಪೂಜೆ ಆಗಿದೆ ಅಲ್ಲನ್ರಮ್ಮ. ನೀವೇ ಕುಂಕುಮ ಇಟ್ರಿ. ಅದರ ಬಾಯಿಗೆ ಅಷ್ಟು ಗಲೀಜು ಹೆಂಗೆ ಹಾಕೋದು? ನಾವು ಮುಟ್ಟೋವಾಗ ಚಪ್ಪಲಿನೂ ಬಿಟ್ಟಿರ್ತೀವಿ."

ದಿನವೂ ಬೆಳಿಗ್ಗೆ ಪೊರಕೆ ಧೂಳನ್ನು ಎಬ್ಬಿಸುತ್ತಿತ್ತು. ಅದು ಕಂಬಳಿಯ ಸಂದಿಯಿಂದ ವಾರ್ಡಿಗೆ ನುಗ್ಗುತ್ತಿತ್ತು. ಚೊಕ್ಕವಾದ ನೆಲದ ಮೇಲೆ ಆಮೇಲೆ ಗಣಪತಿಯ ಸೊಂಡಿಲು ಶಾಸ್ತ್ರಕ್ಕೆ ಆಡುತ್ತಿತ್ತು. ಮಿಷನ್ನಿನ ಕೂಗು ಕೇಳಿ ನಾವೆಲ್ಲ ನೆಮ್ಮದಿಯಾಗಿದ್ದೆವು.

ಬೇರೆ ಯಾರಾದರೂ ಆಗಿದ್ದರೆ ಕುಂಕುಮ ಒರೆಸಿ, ಇದು ದೇವರಲ್ಲ ಕಬ್ಬಿಣ ಎಂದು ಭಾಷಣ ಮಾಡುತ್ತಿದ್ದರು. ನಾನಂತೂ ಮಾಡುತ್ತಿದ್ದೆ. ನರ್ಸಮ್ಮ ಡ್ರಮ್ಮಿನ ಮುಚ್ಚಳ ಮತ್ತೆ ಹಾಕಿಸಿದರಂತೆ. ಆಮೇಲೆ ತಾವೂ ಚಪ್ಪಲಿ ಬಿಟ್ಟು, ಕೆತ್ತಿದ ಗಾರೆಪುಡಿಯ ಬುಟ್ಟಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಸೊಂಡಿಲಿನ ಮುಂದೆ ಇಟ್ಟರು. ಕೈಮುಗಿದರು. ಮಿಷನ್ನಿನ ಗುಂಡಿ ಒತ್ತಿ, ಸೊಂಡಿಲನ್ನು ಬುಟ್ಟಿಯೊಳಗೆ ಇಳಿಸಿದರು. ಬುಟ್ಟಿ ಖಾಲಿಯಾಗುವವರೆಗೆ ಹಿಡಿದೇ ಇದ್ದರು. ನಿಲ್ಲಿಸಿ, ಎಲ್ಲರ ಕಡೆ ತಿರುಗಿದರು.

"ಗಣಪ್ಪ ಅಂತೀರಿ, ಕಡುಬು ಕೊಡದೆ ಉಪವಾಸ ಕೆಡವಿದೀರಲ್ರೋ ಇಷ್ಟು ದಿನದಿಂದ! ಈ ದೇವರಿಗೆ ಧೂಳೇ ನೈವೇದ್ಯ. ನೀವು ಮೊದಲು ಗುಡಿಸೋದು ಅಂದ್ರೆ ಅವನ ಎಲೆಯಿಂದ ಕಿತ್ಕಂಡು ತಿಂದಂಗೆ."

"ಅಯ್ಯಯ್ಯೋ" ಎಂದಳು ಚೌಡಮ್ಮ. ಅವಳು ಗಲ್ಲ ಗಲ್ಲ ಬಡಿದುಕೊಂಡಳೆಂದು ಲಲಿತೆ ಹೇಳುತ್ತಾಳೆ.

ಮರುದಿನದಿಂದ ಆ ಭಾಗದಲ್ಲಿ ಪೊರಕೆ ಕಾಣಲಿಲ್ಲ. ಉಳಿಯ ಪೆಟ್ಟು ಬೀಳುವ ಜಾಗದಲ್ಲೇ ಒಬ್ಬ ಸೊಂಡಿಲು ಹಿಡಿದು ನಿಂತಿರುತ್ತಿದ್ದ. ಧೂಳು ಏಳುವ ಮುಂಚೆಯೇ ಒಳಗೆ. ಸಂಜೆ ಚೀಲವನ್ನು ಊರಾಚೆಯ ಹಳ್ಳದ ಹತ್ತಿರ ಒಯ್ದು ಕೊಡವುವುದು ಚೌಡಮ್ಮನ ಪಾಲಿಗೆ ಬಂತು. ಬಂದು ವಾರ್ಡಿನ ಬಾಗಿಲಲ್ಲಿ ನಿಂತು, "ನೈವೇದ್ಯ ಆಯ್ತ್ರಮ್ಮ, ಇವತ್ತು ಹೊಟ್ಟೆ ತುಂಬಾ ಉಂಡ" ಎಂದು ವರದಿ ಒಪ್ಪಿಸುತ್ತಿದ್ದಳು. ಲಲಿತೆಯ ಎದೆಯ ಸೀಟಿ ಮೆಲ್ಲಮೆಲ್ಲಗೆ ಇಳಿಯಿತು. ಡಾಕ್ಟರು ಮುಂದಿನ ಸಲ ಬಂದಾಗ ಅವಳು ದಿಂಬು ತೆಗೆದು ಚಪ್ಪಟೆಯಾಗಿ ಮಲಗಿದ್ದಳು. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, "ಇರಲಿ, ಇಲ್ಲೇ ಇರಲಿ" ಎಂದರು.

ಇದೆಲ್ಲ ಆಗಿ ಎಷ್ಟೋ ವರ್ಷದ ಮೇಲೆ, ತೀರ್ಥಹಳ್ಳಿಯಲ್ಲಿ, ಬಹಳ ದಿನದಿಂದ ಕಾಡುತ್ತಿದ್ದ ಒಂದು ಪ್ರಶ್ನೆ ಕೇಳಿದೆ. ಡಾಕ್ಟರ ಜೊತೆ ಅವರು ಇಂಗ್ಲಿಷಿನಲ್ಲಿ ಮಾತಾಡುವುದನ್ನು ನಾನು ಕೇಳಿದ್ದೆ. ಔಷಧಿಯ ಪಟ್ಟಿಗಳನ್ನು ಓದುತ್ತಿದ್ದರು. ಹಾಗಾದರೆ ಆ ಕ್ಯಾಟಲಾಗುಗಳನ್ನು ನನ್ನ ಕೈಯಲ್ಲಿ ಓದಿಸಿದ್ದೇಕೆ?

"ಮತ್ತೆಂತ ಮಾಡ್ಲಿ? ನೀವು ಜಗಲೀಲಿ ತಿರುಗಿ ತಿರುಗಿ, ಮೊಸಾಯಿಕ್ ಹಾಕೋಕೆ ಮುಂಚೆನೇ ನನ್ನ ನೆಲ ಸವೆಸ್ತಿದ್ರಿ" ಎಂದರು. "ಹೆರೋರನ್ನ ಸಂಭಾಳಿಸಬಹುದು ಮೇಷ್ಟ್ರೇ. ಕಾಯೋರನ್ನ ಸಂಭಾಳಿಸೋದು ಕಷ್ಟ."

ಆ ಬೇಸಿಗೆಯಲ್ಲಿ ನಾನು ಒಂದು ಆಸ್ಪತ್ರೆಗೆ ಯಂತ್ರ ಆರಿಸಲು ನೆರವಾದೆ ಎಂದು ನನ್ನ ಬಗ್ಗೆ ನಾನೇ ಸ್ವಲ್ಪ ಹೆಮ್ಮೆ ಇಟ್ಟುಕೊಂಡಿದ್ದೆ. ನನ್ನನ್ನೂ ಒಬ್ಬ ರೋಗಿಯೆಂದು ಲೆಕ್ಕಕ್ಕೆ ಹಿಡಿದು, ಔಷಧಿ ಕೊಟ್ಟು, ಔಷಧಿಯೆಂದು ತಿಳಿಯದ ಹಾಗೆ ನೋಡಿಕೊಂಡಿದ್ದರು. ತಿಳಿದಾಗ ಪೆಚ್ಚೆನಿಸಬೇಕಿತ್ತು. ಹಾಗೆನಿಸಲಿಲ್ಲ.

ಹೆರಿಗೆಯಾದದ್ದು ಒಂದು ಮಧ್ಯಾಹ್ನ. ಕೆಡವಿದ ಗೋಡೆ ಮತ್ತೆ ಮಾಡಿನವರೆಗೆ ಎದ್ದಿತ್ತು. ಪ್ಲಾಸ್ಟರೂ ಮುಗಿದಿತ್ತು. ಆ ಹೊತ್ತಿಗೆ ಮಿಷನ್ನು ನಡೆಯುತ್ತಿತ್ತೇ, ನಿಂತಿತ್ತೇ ಎಂಬುದರಲ್ಲಿ ನನಗೂ ಲಲಿತೆಗೂ ಇವತ್ತಿಗೂ ಒಮ್ಮತವಿಲ್ಲ. ಎಲ್ಲ ನಿಶ್ಶಬ್ದವಾಗಿತ್ತು, ಮಗುವಿನ ಮೊದಲ ಅಳು ಅಂಗಳದವರೆಗೂ ಕೇಳಿಸಿತು ಎಂದು ನಾನು. ಎಂಥ ನಿಶ್ಶಬ್ದ, ಮೊಸಾಯಿಕ್‌ನವರು ಉಜ್ಜುತ್ತಿದ್ದರು, ಮಿಷನ್ನು ಕೆಸರು ಎಳೆಯುತ್ತ ಬೊಬ್ಬೆ ಹೊಡೆಯುತ್ತಿತ್ತು ಎಂದು ಅವಳು. ಅವಳು ಒಳಗಿದ್ದವಳು. ಅವಳ ಮಾತೇ ಸರಿಯಿರಬೇಕು.

ಆಮೇಲೆ ಜಗಲಿಯಲ್ಲಿ ಆದದ್ದಕ್ಕೆ ಸಾಕ್ಷಿ ನಾನೊಬ್ಬನೇ. ಸಾಕ್ಷಿಗಳ ಬಗ್ಗೆ ನಾನು ಕಲಿತ ಪಾಠವನ್ನೆಲ್ಲ ಬದಿಗಿಟ್ಟು, ಇದೊಂದನ್ನು ಮಾತ್ರ ಯಾರು ಬಂದು ಅಲ್ಲವೆಂದರೂ ನಾನು ಒಪ್ಪುವುದಿಲ್ಲ. ನರ್ಸಮ್ಮ ಒದ್ದೆ ಕಂಬಳಿಯನ್ನು ಮೊಣಕೈಯಿಂದ ಸರಿಸಿ, ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಹಿಡಿದು ಹೊರಗೆ ಬಂದರು. "ಹೆಣ್ಣು. ಲಲಿತಾ ಚೆನ್ನಾಗಿದಾಳೆ, ಉಸಿರಾಟ ಸಲೀಸಾಗಿದೆ" ಎಂದರು. ನನಗೆ ಕೈ ಚಾಚಲೂ ಆಗಲಿಲ್ಲ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು.

"ಎಂತ ಮೇಷ್ಟ್ರೇ, ಉಸಿರು ಕಟ್ಕಂಡು ನಿಂತಿದೀರಲ್ಲ" ಎಂದರು. "ಬಿಡಿ ಮಾರಾಯ್ರೆ. ಇಲ್ಲಿ ಬಿಡಬಹುದು."